ಟ್ರೈಔಟ್‌ಗಿಂತ ಮುಂಚಿನ ಆಟ: ಟೆಕ್ಸಸ್ ಹೈಸ್ಕೂಲ್ ಬ್ಯಾಸ್ಕೆಟ್‌ಬಾಲ್‌ಗೆ ಮಗನ ಪೇಪರ್ಸ್ ರೆಡಿ ಮಾಡೋದು

ಪ್ರಶ್ನೆ: ನಮಸ್ಕಾರ ಸರ್. ಯಜಮಾನರ ಕೆಲಸದ ಮೇಲೆ ಜುಲೈನಲ್ಲಿ ಟೆಕ್ಸಸ್‌ಗೆ ಬಂದ್ವಿ. ಮಗನಿಗೆ 15 ವರ್ಷ, ಊರಲ್ಲಿ 9ನೇ ಕ್ಲಾಸ್ ಮುಗಿಸಿದಾನೆ, ಅಲ್ಲಿ ಸ್ಕೂಲ್ ಟೀಮಲ್ಲಿ ಆಡ್ತಿದ್ದ. ಇಲ್ಲಿ ಹೈಸ್ಕೂಲ್ ಬ್ಯಾಸ್ಕೆಟ್‌ಬಾಲ್ ಟ್ರೈಔಟ್‌ಗೆ, ಅಂದ್ರೆ ಟೀಮ್ ಸೆಲೆಕ್ಷನ್‌ಗೆ, ಹೋಗ್ಲೇಬೇಕು ಅಂತ ಕೂತಿದಾನೆ. ಫಿಸಿಕಲ್ ಅಂತ ಮೆಡಿಕಲ್ ಚೆಕಪ್ ಅಂತೆ, ಆನ್‌ಲೈನ್ ಫಾರ್ಮ್ ಅಂತೆ, ಅಡ್ರೆಸ್ ಪ್ರೂಫ್ ಅಂತೆ, ಒಂದೂ ತಲೆಗೆ ಹೋಗ್ತಿಲ್ಲ. ನಮ್ಮಣ್ಣ ಡಾಕ್ಟರು, ಊರಿಂದಲೇ ಫಿಟ್‌ನೆಸ್ ಸರ್ಟಿಫಿಕೇಟ್ ಕಳಿಸ್ತೀನಿ ಅಂತಾನೆ, ನಡೆಯುತ್ತಾ? ನಾವು ಸಿಟಿಜನ್ಸ್ ಅಲ್ಲ, ಮಗ ಅಪ್ಪನ ಕೆಲಸದ ವೀಸಾ ಜೊತೆ ಸಿಗೋ ಎಚ್-4 ವೀಸಾದಲ್ಲಿದಾನೆ, ಅದು ಅಡ್ಡ ಬರುತ್ತಾ? ಮುಂದಿನ ವಾರ ಕೌನ್ಸೆಲರ್ ಹತ್ರ ಅಡ್ಮಿಷನ್ ಮಾತುಕತೆ ಇದೆ, ಇಲ್ಲಿಗೆ ಹೊಂದ್ಕೊಳ್ಳಲಿ ಅಂತ ಮತ್ತೆ 9ಕ್ಕೇ ಹಾಕಿಸೋಣ ಅನ್ಕೊಂಡಿದೀವಿ. ಡಿಸೆಂಬರಲ್ಲಿ ಮನೆ ಬದಲಾಯಿಸೋದೂ ಇದೆ.

ಉತ್ತರ: ನಮಸ್ಕಾರ ಮೇಡಂ. ಫಿಸಿಕಲ್, ಫಾರ್ಮ್ ಎಲ್ಲಾ ಆಮೇಲೆ ಹೇಳ್ತೀನಿ, ಮೊದಲು ನೀವು ಹಾಗೇ ಮಾತಿನ ಮಧ್ಯೆ ಬರೆದುಬಿಟ್ಟಿದೀರಲ್ಲ, ಮತ್ತೆ 9ಕ್ಕೇ ಹಾಕಿಸೋಣ ಅಂತ, ಅದನ್ನ ಒಂದ್ಸಲ ನಿಲ್ಲಿಸಿ. ಫಿಸಿಕಲ್ ಲೇಟಾದ್ರೆ ಒಂದು ವಾರ ಹೋಗತ್ತೆ. ಇದರಲ್ಲಿ ತಪ್ಪಿದ್ರೆ ಹುಡುಗನ ಒಂದು ಇಡೀ ಸೀಸನ್ ಹೋಗತ್ತೆ, ಅದೂ ಕೊನೇ ಸೀಸನ್ನು, ಎಲ್ಲಕ್ಕಿಂತ ಮುಖ್ಯವಾದದ್ದು.

ಟೆಕ್ಸಸ್‌ನಲ್ಲಿ ಪಬ್ಲಿಕ್ ಸ್ಕೂಲ್, ಅಂದ್ರೆ ಸರ್ಕಾರಿ ಸ್ಕೂಲ್ ಆಟಗಳನ್ನ ನಡೆಸೋದು ಯುಐಎಲ್, ಅಂದ್ರೆ ಯೂನಿವರ್ಸಿಟಿ ಇಂಟರ್‌ಸ್ಕೊಲಾಸ್ಟಿಕ್ ಲೀಗ್. ಅವರ ರೂಲ್ ಪ್ರಕಾರ ಹುಡುಗ ಮೊದಲ ಸಲ 9ನೇ ಕ್ಲಾಸಿಗೆ ಸೇರಿ ಪಾಠಕ್ಕೆ ಕೂತ ದಿನದಿಂದ 4 ವರ್ಷ ಮಾತ್ರ ವಾರ್ಸಿಟಿ, ಅಂದ್ರೆ ಸ್ಕೂಲಿನ ಮುಖ್ಯ ಟೀಮಲ್ಲಿ, ಆಡಬಹುದು, 10ಕ್ಕೆ ಸೇರಿದ ಮೇಲೆ 3 ವರ್ಷ. ಇಲ್ಲಿ ಜನ ಎಡವೋದು ಎಲ್ಲಿ ಅಂದ್ರೆ, ಆ ಗಡಿಯಾರ ಅಮೆರಿಕಕ್ಕೆ ಬಂದ ದಿನ ಶುರುವಾಗಲ್ಲ. ನಿಮ್ಮ ಮಗ ಊರಲ್ಲಿ ಜೂನ್ ತಿಂಗಳು 9ನೇ ಕ್ಲಾಸಿನ ಬೆಂಚ್ ಮೇಲೆ ಕೂತನಲ್ಲ, ಅವತ್ತೇ ಶುರುವಾಗಿ ಓಡ್ತಾ ಇದೆ. ಈಗ 10ಕ್ಕೆ ಸೇರಿಸಿದ್ರೆ 10, 11, 12 ಮೂರು ವರ್ಷ ಆರಾಮಾಗಿ ಸಿಗತ್ತೆ. ಮತ್ತೆ 9ಕ್ಕೆ ಹಾಕಿದ್ರೆ ಅವನು 12ಕ್ಕೆ ಬರೋ ಹೊತ್ತಿಗೆ ಅದು ಐದನೇ ವರ್ಷ, ಕ್ಲಾಸಲ್ಲಿ ಕೂರಬಹುದು, ಟೀಮಲ್ಲಿ ಆಡೋಹಾಗಿಲ್ಲ. ಓದಿನ ದೃಷ್ಟಿಯಿಂದ 9ಕ್ಕೆ ಹಾಕೋದೇ ಸರಿ ಅಂತ ನಿಮಗೂ ಕೌನ್ಸೆಲರ್‌ಗೂ ಅನಿಸಿದ್ರೆ ಹಾಕಿ, ಅದು ನಿಮ್ಮಿಷ್ಟ, ಆದ್ರೆ ಇದು ಗೊತ್ತಿದ್ದು ಮಾಡಿ. ನಮ್ಮವರ ಮನೆಗಳಲ್ಲಿ ಒಂದು ವರ್ಷ ಹಿಂದೆ ಹಾಕಿದ್ರೆ ಹೈಟು ಬರತ್ತೆ, ಜೂನಿಯರ್ಸ್ ಮಧ್ಯೆ ಚೆನ್ನಾಗಿ ಆಡ್ತಾನೆ ಅನ್ನೋ ಲೆಕ್ಕಾಚಾರ ಕೇಳಿದೀನಿ, ಆ ಲೆಕ್ಕಾಚಾರ ತಲೆಕೆಳಗಾಗೋದು ಸರಿಯಾಗಿ ಸೀನಿಯರ್ ವರ್ಷದಲ್ಲಿ.

10ಕ್ಕೆ ಸೇರಿಸೋದಾದ್ರೆ ಕೌನ್ಸೆಲರ್ ಹತ್ರ ಹೋಗುವಾಗ 9ನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಮರೀದೇ ತಗೊಂಡು ಹೋಗಿ, ಸ್ಕೂಲ್ ಸೀಲ್, ಹೆಡ್‌ಮಾಸ್ಟರ್ ಸೈನ್ ಇರೋದು. ಹೈಸ್ಕೂಲಿನ ಎರಡನೇ ವರ್ಷದ ಶುರುವಲ್ಲಿ ಆಡೋಕೆ ಅರ್ಹತೆ ಬೇಕು ಅಂದ್ರೆ 5 ಕ್ರೆಡಿಟ್ ಲೆಕ್ಕಕ್ಕೆ ಬಂದಿರಬೇಕು, ನಮ್ಮ ಮಾರ್ಕ್ಸ್ ಕಾರ್ಡನ್ನ ಅವರು ನೋಡಿ ಗಣಿತಕ್ಕಿಷ್ಟು ವಿಜ್ಞಾನಕ್ಕಿಷ್ಟು ಅಂತ ಕ್ರೆಡಿಟ್ ಆಗಿ ಬದಲಾಯಿಸಿ ಸಿಸ್ಟಮ್‌ಗೆ ಏರಿಸಬೇಕು. ಏರಿಸದೇ ಬಿಟ್ರೆ ಕಂಪ್ಯೂಟರ್ ಕಣ್ಣಿಗೆ ನಿಮ್ಮ ಮಗ ಸೊನ್ನೆ ಕ್ರೆಡಿಟ್ ಇರೋ 10ನೇ ಕ್ಲಾಸಿನವನು.

ನಾನು ಇಲ್ಲೊಂದು ಪಬ್ಲಿಕ್ ಹೈಸ್ಕೂಲಿನ ಅಥ್ಲೆಟಿಕ್ ಆಫೀಸಲ್ಲಿ ಈ ಕ್ಲಿಯರೆನ್ಸ್ ಕೆಲಸವೇ ನೋಡ್ಕೊಳ್ಳೋದು. ಅನುಭವದ ಮೇಲೆ ಹೇಳ್ತೀನಿ, ಫಾರ್ಮ್ ಯಾವುದೂ ಕಷ್ಟ ಅಲ್ಲ. ನಮ್ಮ ಮಕ್ಕಳ ಫೈಲ್ ಸಿಕ್ಕಿಹಾಕ್ಕೊಳ್ಳೋದು ಒಂದೇ ಕಾರಣಕ್ಕೆ: ಒಂದೇ ಹುಡುಗ, ನಾಲ್ಕು ಕಾಗದದಲ್ಲಿ ನಾಲ್ಕು ಥರ ಇರ್ತಾನೆ. ಹೆಸರು ಒಂದು ಥರ, ಹುಟ್ಟಿದ ತಾರೀಖು ಒಂದು ಥರ, ಕ್ಲಾಸು ಇನ್ನೊಂದು ಥರ. ಆ ಕಾಗದಗಳನ್ನೆಲ್ಲ ಒಂದೇ ಮಾತು ಹೇಳೋಹಾಗೆ ಮಾಡಿಬಿಟ್ರೆ ಮುಕ್ಕಾಲು ಕೆಲಸ ಮುಗೀತು.

ತಾರೀಖಿನ ಕಥೆ ಕೇಳಿ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗ, ನಮ್ಮ ಕಡೆಯವನೇ, ಕ್ಲಾಸಿಗೆ ಸ್ವಲ್ಪ ದೊಡ್ಡವನು, 12ನೇ ಗ್ರೇಡು. ಎಲ್ಲಾ ಫಾರ್ಮ್ ಸರಿ ಇದೆ, ಫಿಸಿಕಲ್ ಆಗಿದೆ, ಆದ್ರೂ ಸ್ಕ್ರೀನ್ ಮೇಲೆ ಅವನ ಹೆಸರಿನ ಮುಂದೆ ವಯಸ್ಸಿನ ಕಾಲಮ್ ಕೆಂಪಗಿದೆ. ಟೆಕ್ಸಸ್ ರೂಲ್ ಏನಂದ್ರೆ ಆ ಸೀಸನ್‌ಗೆ ಮುಂಚಿನ ಸೆಪ್ಟೆಂಬರ್ 1ಕ್ಕೆ ಹುಡುಗನಿಗೆ 19 ತುಂಬಿರಬಾರದು. ಇವನಿಗೆ ಆಗಸ್ಟ್ 9ಕ್ಕೆ 19 ತುಂಬಿದೆ ಅಂತ ತೋರಿಸ್ತಿದೆ. ಅವರಪ್ಪ ಕೆಲಸ ಬಿಟ್ಟು ಓಡಿ ಬಂದ್ರು, ಬರ್ತ್ ಸರ್ಟಿಫಿಕೇಟ್ ಮೇಜಿನ ಮೇಲಿಟ್ರು, 08/09 ಅಂತ ಇದೆ. ನಮಗದು ಸೆಪ್ಟೆಂಬರ್ 8. ಇಲ್ಲಿ ಮೊದಲು ತಿಂಗಳು ಆಮೇಲೆ ದಿನ ಬರಿಯೋದ್ರಿಂದ ಅಡ್ಮಿಷನ್ ಟೈಮಲ್ಲಿ ಟೈಪ್ ಮಾಡಿದವರಿಗೆ ಅದು ಆಗಸ್ಟ್ 9. ಪಾಸ್‌ಪೋರ್ಟ್ ತೆಗೆದ್ರು, ಅದರಲ್ಲೂ ಅಂಕಿಯಲ್ಲೇ, ದಿನ ಮೊದಲು. ಕೊನೆಗೆ ಉಳಿಸಿದ್ದು ಪಾಸ್‌ಪೋರ್ಟ್ ಒಳಗೆ ಅಂಟಿಸಿರೋ ಅಮೆರಿಕನ್ ವೀಸಾ ಸ್ಟಿಕರ್ರು, ಅದರಲ್ಲಿ ತಿಂಗಳು ಅಕ್ಷರದಲ್ಲಿರತ್ತೆ, ಸೆಪ್ಟೆಂಬರ್ ಅಂತ ಮೂರಕ್ಷರ. ಅದನ್ನ ನೋಡಿದ ಮೇಲೆ ಒಂದು ನಿಮಿಷದಲ್ಲಿ ಸರಿಯಾಯ್ತು, ಆದ್ರೆ ಆ ಒಂದು ನಿಮಿಷಕ್ಕೆ ಮುಂಚೆ ಆ ಅಪ್ಪ ಮಗ ಮೂರು ರಾತ್ರಿ ನಿದ್ದೆಗೆಟ್ಟಿದ್ರು.

ಆದ್ದರಿಂದ ನಿಮ್ಮ ಮಗನ ಅಡ್ಮಿಷನ್ ಆದ ದಿನವೇ ಪೇರೆಂಟ್ ಪೋರ್ಟಲ್‌ಗೆ ಲಾಗಿನ್ ಆಗಿ ಹುಟ್ಟಿದ ತಾರೀಖು ನೋಡಿ. ದಿನ 12ರ ಒಳಗಿದ್ರೆ ಈ ತಪ್ಪಾಗೋ ಚಾನ್ಸ್ ಇದ್ದೇ ಇರತ್ತೆ, 13ರ ಮೇಲಿದ್ರೆ ಕಂಪ್ಯೂಟರೇ ಬೇಡ ಅನ್ನತ್ತೆ, ಬಚಾವ್.

ಇನ್ನು ನಮ್ಮ ಕಡೆ ಸ್ಕೂಲ್ ಡೇಟು, ನಿಜವಾದ ಡೇಟು ಅಂತ ಎರಡು ಇಟ್ಕೊಳ್ಳೋ ಪದ್ಧತಿ ಒಂದು ಕಾಲದಲ್ಲಿತ್ತಲ್ಲ, ಮೇಷ್ಟ್ರು ಜೂನ್ 1 ಅಂತ ಬರ್ಕೊಂಡುಬಿಡೋದು. ನಿಮ್ಮ ಮಗನ ಕಾಲಕ್ಕೆ ಕಡಿಮೆ ಆಗಿದೆ, ಆದ್ರೂ ಟಿಸಿಯಲ್ಲಿರೋ ತಾರೀಖು, ಬರ್ತ್ ಸರ್ಟಿಫಿಕೇಟಿನ ತಾರೀಖು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಬೇರೆ ಬೇರೆ ಇದ್ರೆ ಯಾವುದು ಅನುಕೂಲವೋ ಅದನ್ನ ಕೊಡೋಣ ಅನ್ನೋ ಯೋಚನೆ ಬೇಡ, ಪಾಸ್‌ಪೋರ್ಟಿಗೆ ಹೊಂದೋದನ್ನ ಕೊಟ್ಟು ಟಿಸಿಯಲ್ಲಿ ವ್ಯತ್ಯಾಸ ಇದೆ ಅಂತ ನೀವೇ ಮೊದಲು ಹೇಳಿಬಿಡಿ. ವಯಸ್ಸಿನ ವಿಷಯದಲ್ಲಿ ಇಲ್ಲಿಯವರು ಯಾಕೆ ಇಷ್ಟು ಬಿಗಿ ಅಂದ್ರೆ, 2001ರಲ್ಲಿ ಲಿಟಲ್ ಲೀಗ್ ಬೇಸ್‌ಬಾಲ್ ವರ್ಲ್ಡ್ ಸೀರೀಸಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್ ಟೀಮಿನ ಒಬ್ಬ ಪಿಚರ್ ಎಲ್ಲರನ್ನೂ ಔಟ್ ಮಾಡಿ ದೇಶಕ್ಕೆಲ್ಲ ಹೀರೋ ಆದ, ಆಮೇಲೆ ನೋಡಿದ್ರೆ ಅವನಿಗೆ 12 ಅಲ್ಲ 14, ಎರಡು ಬರ್ತ್ ಸರ್ಟಿಫಿಕೇಟ್ ಇತ್ತು, ಒಂದರಲ್ಲಿ 1987, ಇನ್ನೊಂದರಲ್ಲಿ 1989. ಟೀಮಿನ ಗೆಲುವೆಲ್ಲ ಅಳಿಸಿಹಾಕಿದ್ರು. ಬೇರೆ ಆಟ, ಬೇರೆ ಸಂಸ್ಥೆ, ಆದ್ರೆ ಕಾಗದ ನೋಡೋರು ಈ ಕಥೆ ಮರೆತಿಲ್ಲ. ಮಕ್ಕಳದ್ದು ಏನು ತಪ್ಪು ಹೇಳಿ, ಕಾಗದ ಮಾಡಿಸೋದು ದೊಡ್ಡವರು.

ಹೆಸರು. ನಿಮ್ಮ ಮಗನ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ಯಾ? ನಮ್ಮಲ್ಲಿ ಇನಿಷಿಯಲ್ ಹಾಕ್ಕೊಂಡು ಬದುಕಿದವರು, ಸರ್‌ನೇಮ್ ಎಲ್ಲಿಂದ ತರೋದು. ಅವನ ಹೆಸರು ಪ್ರಣವ್ ಅಂತಿಟ್ಕೊಳಿ. ಹಾಗೆ ಖಾಲಿ ಇದ್ರೆ ವೀಸಾದಲ್ಲಿ ಇರೋ ಒಂದೇ ಹೆಸರನ್ನ ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಹಾಕ್ತಾರೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ಸ್ಕೂಲಲ್ಲಿ ಅದನ್ನೇ ಏರಿಸ್ತಾರೆ. ಇನ್ಶೂರೆನ್ಸ್ ಕಾರ್ಡಲ್ಲಿ ಕಂಪನಿಯವರು ಪ್ರಣವ್ ಪ್ರಣವ್ ಅಂತ ಹಾಕಿರ್ತಾರೆ. ಡಾಕ್ಟರ್ ಕ್ಲಿನಿಕ್ಕಲ್ಲಿ ನೀವು ಪ್ರಣವ್ ಅಂತ ಹೇಳಿ ಕೊನೆಗೆ ಅಪ್ಪನ ಹೆಸರು ಸೇರಿಸಿರ್ತೀರಿ. ಈಗ ಫಿಸಿಕಲ್ ಫಾರ್ಮ್ ಅಪ್‌ಲೋಡ್ ಆದಾಗ ನಮ್ಮ ಆಫೀಸಲ್ಲಿ ಕೂತವರಿಗೆ ಮೂರು ಹುಡುಗರು ಕಾಣ್ತಾರೆ. ಪರಿಹಾರ ಸುಲಭ: ಸ್ಕೂಲ್ ರೆಕಾರ್ಡಲ್ಲಿ ಹೇಗಿದ್ಯೋ, ಎಷ್ಟೇ ವಿಚಿತ್ರವಾಗಿ ಕಂಡ್ರೂ, ಫಾರ್ಮಿನಲ್ಲೆಲ್ಲಾ ಹಾಗೇ ಬರೀರಿ, ಜೊತೆಗೆ ಸ್ಟೂಡೆಂಟ್ ಐಡಿ ನಂಬರ್ ಹಾಕಿ. ಕೋಚ್ ಏನಂತ ಕರೀಬೇಕು ಅನ್ನೋದು ಅಂಗಳದಲ್ಲಿ ತೀರ್ಮಾನ ಆಗತ್ತೆ ಬಿಡಿ.

ಈಗ ಫಿಸಿಕಲ್. ನಿಮ್ಮಣ್ಣನವರಿಗೆ ನಮಸ್ಕಾರ ಹೇಳಿ, ಆದ್ರೆ ಅವರ ಸರ್ಟಿಫಿಕೇಟ್ ಇಲ್ಲಿ ನಡೆಯಲ್ಲ. ಇಲ್ಲಿ ಬೇಕಾಗಿರೋದು ಫಿಟ್ ಇದಾನೆ ಅನ್ನೋ ಒಂದು ಚೀಟಿ ಅಲ್ಲ, ಯುಐಎಲ್‌ನವರದ್ದೇ ಫಾರ್ಮ್ ಇದೆ, ಯಾರು ಸೈನ್ ಹಾಕಬಹುದು ಅಂತ ಅದರ ಮೇಲೇ ಬರೆದಿರತ್ತೆ: ಡಾಕ್ಟರ್, ಫಿಸಿಷಿಯನ್ ಅಸಿಸ್ಟೆಂಟ್, ನರ್ಸ್ ಪ್ರಾಕ್ಟೀಷನರ್ ಮಟ್ಟದ ನರ್ಸ್, ಟೆಕ್ಸಸ್‌ನಲ್ಲಿ ಬೆನ್ನುಮೂಳೆ ಸರಿಪಡಿಸೋ ಕೈರೋಪ್ರಾಕ್ಟರ್ ಕೂಡ. ಹೈಸ್ಕೂಲಿನ ಮೊದಲ ವರ್ಷ, ಮೂರನೇ ವರ್ಷ ಪರೀಕ್ಷೆ ಕಡ್ಡಾಯ ಅನ್ನೋದು ಯುಐಎಲ್‌ನ ಕನಿಷ್ಠ ನಿಯಮ, ಎಷ್ಟೋ ಸ್ಕೂಲ್ ಡಿಸ್ಟ್ರಿಕ್ಟ್‌ಗಳು, ಅಂದ್ರೆ ಒಂದು ಪ್ರದೇಶದ ಸ್ಕೂಲ್‌ಗಳನ್ನೆಲ್ಲ ನಡೆಸೋ ಆಡಳಿತಗಳು, ಪ್ರತಿ ವರ್ಷ ಕೇಳ್ತವೆ. ನಿಮ್ಮ ಮಗ ಹೊಸಬ, ಹಾಗಾಗಿ ಅವನಿಗೆ ಹೇಗೂ ಬೇಕು. ಮೆಡಿಕಲ್ ಹಿಸ್ಟರಿ ಪೇಜ್ ಮಾತ್ರ ಎಲ್ಲರೂ ಪ್ರತಿ ವರ್ಷ ತುಂಬಬೇಕು.

ದುಡ್ಡು ಉಳಿಸೋ ಒಂದು ಮಾತು. ಬರೀ ಸ್ಪೋರ್ಟ್ಸ್ ಫಿಸಿಕಲ್ ಅಂತ ಹೋದ್ರೆ ಸಾಮಾನ್ಯವಾಗಿ ಇನ್ಶೂರೆನ್ಸ್ ಕೊಡಲ್ಲ, ಕೈಯಿಂದ ಕಟ್ಟಬೇಕು. ಅದೇ ಮಗುವಿನ ವಾರ್ಷಿಕ ವೆಲ್ ವಿಸಿಟ್, ಅಂದ್ರೆ ವರ್ಷದ ಮಾಮೂಲಿ ಚೆಕಪ್ ಅಂತ ನಿಮ್ಮ ಇನ್ಶೂರೆನ್ಸ್ ನೆಟ್‌ವರ್ಕ್ ಒಳಗಿನ ಪೀಡಿಯಾಟ್ರಿಷಿಯನ್ ಹತ್ರ ಬುಕ್ ಮಾಡಿ, ಹೋಗುವಾಗ ಈ ಫಾರ್ಮನ್ನೂ ಕೈಯಲ್ಲಿ ಹಿಡ್ಕೊಂಡು ಹೋದ್ರೆ ಎರಡೂ ಒಂದೇ ಸಲಕ್ಕೆ ಆಗತ್ತೆ. ಹೊಸ ಪೇಷೆಂಟ್ ಅಂದ್ರೆ ಅಪಾಯಿಂಟ್‌ಮೆಂಟ್ ಸಿಗೋದೇ ವಾರಗಟ್ಟಲೆ, ಆದ್ದರಿಂದ ಇವತ್ತೇ ಫೋನ್ ಮಾಡಿ. ಸಿಗಲೇ ಇಲ್ಲ ಅಂದ್ರೆ ಅರ್ಜೆಂಟ್ ಕೇರ್, ಮೆಡಿಕಲ್ ಶಾಪಿನ ಒಳಗಿರೋ ಕ್ಲಿನಿಕ್, ಅಲ್ಲೂ ಮಾಡ್ತಾರೆ. ಬೇಸಿಗೆ ರಜೆಗೆ ಮುಂಚೆ ಎಷ್ಟೋ ಸ್ಕೂಲ್‌ಗಳು ತಾವೇ ಕಡಿಮೆ ದುಡ್ಡಲ್ಲಿ ಎಲ್ಲರಿಗೂ ಒಟ್ಟಿಗೆ ಮಾಡಿಸ್ತವೆ, ಈ ವರ್ಷದ್ದು ನಿಮಗೆ ತಪ್ಪಿಹೋಯ್ತು, ಮುಂದಿನ ವರ್ಷಕ್ಕೆ ನೆನಪಿಟ್ಕೊಳಿ.

ಮೆಡಿಕಲ್ ಹಿಸ್ಟರಿ ಪೇಜ್ ಬಗ್ಗೆ ನಾನು ಸ್ವಲ್ಪ ಜಾಸ್ತಿನೇ ಬರೀತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮವರು ಆ ಪೇಜನ್ನ ಹೇಗೆ ತುಂಬ್ತಾರೆ ಅಂದ್ರೆ ಕ್ಲಿನಿಕ್ ವೇಟಿಂಗ್ ರೂಮಲ್ಲಿ ಕೂತು, ಮೇಲಿಂದ ಕೆಳಗೆ ಎಲ್ಲದಕ್ಕೂ ನೋ, ನೋ, ನೋ, ಸೈನ್. ಎಸ್ ಅಂತ ಹಾಕಿದ್ರೆ ಹುಡುಗನನ್ನ ತೆಗೆದುಬಿಡ್ತಾರೆ ಅನ್ನೋ ಭಯ. ಅದರಲ್ಲಿ ಒಂದು ಪ್ರಶ್ನೆ ಇದೆ, ಮನೆಯವರಲ್ಲಿ ಯಾರಾದ್ರೂ 50 ವರ್ಷಕ್ಕೆ ಮುಂಚೆ ಹಾರ್ಟ್ ಪ್ರಾಬ್ಲಮ್‌ನಿಂದ ಅಥವಾ ಇದ್ದಕ್ಕಿದ್ದಂಗೆ ತೀರಿಕೊಂಡಿದಾರಾ ಅಂತ. ಬೇರೆ ರಾಜ್ಯದ ಕೆಲವು ಫಾರ್ಮಲ್ಲಿ ಇದೇ ಪ್ರಶ್ನೆಯಲ್ಲಿ 35 ವರ್ಷ ಅಂತಿರತ್ತೆ, ಜೊತೆಗೆ ನೀರಲ್ಲಿ ಮುಳುಗಿ ಹೋದದ್ದು, ಕಾರಣ ಗೊತ್ತಿಲ್ಲದ ಕಾರ್ ಆಕ್ಸಿಡೆಂಟ್ ಸೇರಿಸಿ ಅಂತಾನೂ ಇರತ್ತೆ. ಓದಿದವರಿಗೆ ಇದೇನಪ್ಪಾ ಮುಳುಗಿದ್ದಕ್ಕೂ ಬ್ಯಾಸ್ಕೆಟ್‌ಬಾಲ್‌ಗೂ ಏನು ಸಂಬಂಧ ಅನಿಸತ್ತೆ. ಸಂಬಂಧ ಇದೆ: ಲಾಂಗ್ ಕ್ಯೂಟಿ ಅಂತ ಹೃದಯದ ಬಡಿತದ ಒಂದು ತೊಂದರೆ ಇದೆ, ಮನೆತನದಲ್ಲಿ ಬರುವಂಥದ್ದು, ಈಜೋ ಹೊತ್ತಲ್ಲಿ ಬಡಿತ ತಪ್ಪಿ ಈಜು ಬರೋರೇ ಮುಳುಗಿಬಿಡ್ತಾರೆ, ಮನೆಯವರು ಕೆರೆಗೆ ಬಿದ್ದು ಹೋದ ಅಂತ ಅನ್ಕೊಂಡಿರ್ತಾರೆ. ಹಾಗಾಗಿ ಇವತ್ತು ರಾತ್ರಿ ಊರಿಗೆ ಫೋನ್ ಮಾಡಿ ನಿಮ್ಮ ಕಡೆ, ಯಜಮಾನರ ಕಡೆ, ಎರಡೂ ಕಡೆ ಕೇಳಿ. ಉದಾಹರಣೆಗೆ, ದೊಡ್ಡಪ್ಪ 44ಕ್ಕೆ ಹೋದ್ರಲ್ಲ ಅದು ಏನಾಗಿತ್ತು ಅಂತ. ನಿಮ್ಮಣ್ಣ ಡಾಕ್ಟರು ಅಂದ್ರಲ್ಲ, ಅವರ ಸಹಾಯ ನಿಜವಾಗ್ಲೂ ಬೇಕಾಗಿರೋದು ಇಲ್ಲಿ.

ಬ್ಯಾಸ್ಕೆಟ್‌ಬಾಲ್‌ಗೆ ಇದು ಸುಮ್ಮನೆ ಮಾತಲ್ಲ. 1990ರಲ್ಲಿ ಕಾಲೇಜ್ ಆಟಗಾರ ಹ್ಯಾಂಕ್ ಗ್ಯಾದರ್ಸ್ ಮ್ಯಾಚ್ ನಡೀತಿರುವಾಗಲೇ ಕುಸಿದು ತೀರಿಕೊಂಡ, 1993ರಲ್ಲಿ ಬಾಸ್ಟನ್ ಸೆಲ್ಟಿಕ್ಸ್‌ನ ರೆಜಿ ಲೂಯಿಸ್ ಪ್ರಾಕ್ಟೀಸ್ ಮಾಡುವಾಗ ಹೋದ, ಇಬ್ಬರಿಗೂ ಹೃದಯದ ತೊಂದರೆ. ಹೃದಯದ ಗೋಡೆ ದಪ್ಪ ಆಗೋ ಒಂದು ಕಾಯಿಲೆ ಇದೆ. ಅದಕ್ಕೇ ಡಾಕ್ಟರ್ ಸ್ಟೆತಸ್ಕೋಪ್ ಇಟ್ಟು ಮಲಗಿಸಿ ಒಂದ್ಸಲ, ನಿಲ್ಲಿಸಿ ಒಂದ್ಸಲ ಕೇಳೋದು, ಆ ಕಾಯಿಲೆಯ ಶಬ್ದ ನಿಂತಾಗ ಜೋರಾಗತ್ತೆ. ಎತ್ತರದ ಮಕ್ಕಳಲ್ಲಿ ಇನ್ನೊಂದು ನೋಡ್ತಾರೆ, ಮಾರ್ಫನ್ ಅಂತ, ಕೈ ಬೆರಳು ಉದ್ದ, ಕೈ ಚಾಚಿದ್ರೆ ಹೈಟ್‌ಗಿಂತ ಜಾಸ್ತಿ, ಮಹಾಧಮನಿ ದುರ್ಬಲ. ಇದೇ ಟೆಕ್ಸಸ್‌ನ ಬೇಲರ್ ಯೂನಿವರ್ಸಿಟಿಯ ಐಸಯಾ ಆಸ್ಟಿನ್‌ಗೆ 2014ರಲ್ಲಿ ಎನ್‌ಬಿಎ ಡ್ರಾಫ್ಟ್‌ಗೆ ಇನ್ನೇನು ಕೆಲವೇ ದಿನ ಇದೆ ಅನ್ನುವಾಗ ಮೆಡಿಕಲ್ ಟೆಸ್ಟಲ್ಲಿ ಗೊತ್ತಾಯ್ತು. ನಿಮ್ಮನ್ನ ಹೆದರಿಸೋಕೆ ಹೇಳ್ತಿಲ್ಲ. ಎಸ್ ಅಂತ ಟಿಕ್ ಮಾಡಿದ್ರೆ ಆಗೋದು ಇಷ್ಟೇ, ಡಾಕ್ಟರ್ ಇನ್ನೆರಡು ಪ್ರಶ್ನೆ ಕೇಳ್ತಾರೆ, ಬೇಕಾದ್ರೆ ಇಸಿಜಿ ಅಥವಾ ಎಕೋ ಮಾಡಿಸ್ತಾರೆ, ಬಹಳಷ್ಟು ಮಕ್ಕಳು ಕ್ಲಿಯರ್ ಆಗಿ ಬರ್ತಾರೆ. ಆಡುವಾಗ ತಲೆ ಸುತ್ತಿ ಬಿದ್ದದ್ದು, ಎದೆ ನೋವು, ಆಸ್ತಮಾ, ಹಳೇ ಮೂಳೆ ಮುರಿತ, ಎಲ್ಲಾ ಬರೀರಿ. ಇನ್‌ಹೇಲರ್ ಇದ್ರೆ ಸ್ಕೂಲ್ ನರ್ಸ್‌ಗೆ ಬೇರೆ ಫಾರ್ಮ್ ಕೊಡಬೇಕು, ಇಲ್ದಿದ್ರೆ ಅವನ ಬ್ಯಾಗಲ್ಲಿ ಇಟ್ಕೊಳ್ಳೋಕೂ ತಕರಾರು.

ಹುಡುಗನಿಗೆ ಒಂದು ಮಾತು ಮೊದಲೇ ಹೇಳಿರಿ, ಎಷ್ಟೋ ಕ್ಲಿನಿಕ್‌ಗಳಲ್ಲಿ ಹುಡುಗರಿಗೆ ಹರ್ನಿಯಾ ಚೆಕ್ ಮಾಡ್ತಾರೆ. ನಮ್ಮ ಮಕ್ಕಳು ಇದನ್ನ ನಿರೀಕ್ಷೆ ಮಾಡಿರಲ್ಲ, ಬಿಪಿ ನೋಡೋ ಹೊತ್ತಿಗೆ ಗಾಬರಿಗೆ ಬಿಪಿನೂ ಏರಿರತ್ತೆ. ಹೇಳಿದ್ರೆ ಸರಿಹೋಗತ್ತೆ.

ಫಾರ್ಮ್ ಕೈಗೆ ಬಂದ ಮೇಲೆ ಕ್ಲಿನಿಕ್ ಬಿಡೋಕೆ ಮುಂಚೆ ಅಲ್ಲೇ ನಿಂತು ನಾಲ್ಕು ನೋಡಿ: ಕ್ಲಿಯರ್ಡ್ ಅನ್ನೋ ಬಾಕ್ಸಲ್ಲಿ ಟಿಕ್ ಇದ್ಯಾ, ಡಾಕ್ಟರ್ ಸೈನ್ ಇದ್ಯಾ, ತಾರೀಖಿದ್ಯಾ, ಹಿಸ್ಟರಿ ಪೇಜಲ್ಲಿ ನಿಮ್ಮದೂ ಮಗನದೂ ಎರಡೂ ಸೈನ್ ಇದ್ಯಾ. ನಮ್ಮ ಆಫೀಸಿಂದ ವಾಪಸ್ ಹೋಗೋ ಫಾರ್ಮ್‌ಗಳಲ್ಲಿ ಈ ನಾಲ್ಕರಲ್ಲೊಂದು ಇಲ್ಲದ್ದೇ ಜಾಸ್ತಿ. ಫೋಟೋ ತೆಗೆದು ಅಪ್‌ಲೋಡ್ ಮಾಡೋದಾದ್ರೆ ಅಡುಗೆಮನೆ ದೀಪದ ಕೆಳಗೆ ಓರೆಯಾಗಿ ತೆಗೀಬೇಡಿ, ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕಿ, ಒರಿಜಿನಲ್ ಮನೇಲಿಟ್ಕೊಳಿ.

ಆನ್‌ಲೈನ್ ಭಾಗ ಬೇಗ ಹೇಳಿಬಿಡ್ತೀನಿ. ರ‍್ಯಾಂಕ್ ಒನ್ ಥರದ ಒಂದು ಸೈಟಲ್ಲಿ ನಿಮ್ಮ ಡಿಸ್ಟ್ರಿಕ್ಟ್ ಎಲ್ಲಾ ಫಾರ್ಮ್ ಇಟ್ಟಿರತ್ತೆ: ಯುಐಎಲ್ ರೂಲ್ಸ್ ಒಪ್ಪಿಗೆ, ತಲೆಗೆ ಪೆಟ್ಟಾದ್ರೆ ಏನು ಮಾಡಬೇಕು ಅನ್ನೋ ಕನ್‌ಕಷನ್ ಫಾರ್ಮ್, ಸಡನ್ ಕಾರ್ಡಿಯಾಕ್ ಅರೆಸ್ಟ್ ಫಾರ್ಮ್, ಸ್ಟೆರಾಯ್ಡ್ ತಗೊಳ್ಳಲ್ಲ ಅನ್ನೋ ಒಪ್ಪಿಗೆ, ಎಮರ್ಜೆನ್ಸಿ ಕಾಂಟ್ಯಾಕ್ಟ್, ಇನ್ಶೂರೆನ್ಸ್ ವಿವರ. ಎಮರ್ಜೆನ್ಸಿ ಕಾಂಟ್ಯಾಕ್ಟ್‌ಗೆ ಊರಿನ ನಂಬರ್ ಹಾಕಬೇಡಿ, ಇಲ್ಲೇ ಅರ್ಧ ಗಂಟೇಲಿ ಬರೋ ಒಬ್ಬರು ಬೇಕು, ಪಕ್ಕದ ಅಪಾರ್ಟ್‌ಮೆಂಟಿನವರಾದ್ರೂ ಸರಿ. ಕನ್‌ಕಷನ್ ಫಾರ್ಮ್ ಮಾತ್ರ ಓದಿ ಸೈನ್ ಹಾಕಿ. 2006ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಜ್ಯಾಕರಿ ಲಿಸ್ಟೆಡ್ ಅನ್ನೋ 13ರ ಹುಡುಗ ಫುಟ್‌ಬಾಲಲ್ಲಿ ತಲೆಗೆ ಪೆಟ್ಟು ಬಿದ್ದ ಮೇಲೂ ಅದೇ ಮ್ಯಾಚಲ್ಲಿ ಮತ್ತೆ ಆಡೋಕೆ ಇಳಿದು ಮೆದುಳಿಗೆ ಭಾರೀ ಹಾನಿ ಆಯ್ತು, 2009ರಲ್ಲಿ ಅವನ ಹೆಸರಲ್ಲೇ ಅಲ್ಲಿ ಕಾನೂನು ಬಂತು, ಆಮೇಲೆ ಎಲ್ಲಾ ರಾಜ್ಯಗಳೂ ಅಂಥದ್ದು ಮಾಡ್ಕೊಂಡ್ವು. ಡೌಟ್ ಬಂದ್ರೆ ಹುಡುಗನನ್ನ ಅವತ್ತು ವಾಪಸ್ ಆಡೋಕೆ ಬಿಡಲ್ಲ, ಡಾಕ್ಟರ್ ಬರೆದುಕೊಟ್ಟ ಮೇಲೇ. ಮಗ ಏನೂ ಆಗಿಲ್ಲ ಅಂತಿದಾನಲ್ಲ ಅಂತ ಆಗ ನೀವು ಕೋಚ್ ಜೊತೆ ಜಗಳಕ್ಕೆ ನಿಲ್ಲಬಾರದು, ಒಪ್ಪಿ ಸೈನ್ ಹಾಕಿರೋದು ಅದಕ್ಕೇ.

ಸಬ್‌ಮಿಟೆಡ್ ಅಂತ ಬಂದ್ರೆ ಮುಗೀತು ಅನ್ಕೋಬೇಡಿ. ಅದರರ್ಥ ನೀವು ಕಳಿಸಿದೀರಿ ಅಂತ ಅಷ್ಟೇ. ಒಬ್ಬ ಮನುಷ್ಯ ಕೂತು ನೋಡಿ ಕ್ಲಿಯರ್ಡ್ ಅಂತ ಮಾಡಬೇಕು, ಟ್ರೈಔಟ್ ವಾರದಲ್ಲಿ ಆ ಮನುಷ್ಯನ ಮುಂದೆ ಇಡೀ ಸ್ಕೂಲಿನ ಫೈಲ್ ಇರತ್ತೆ. ಪ್ರತಿ ವರ್ಷ ಮೊದಲ ದಿನ ಜಿಮ್ ಬಾಗಿಲಲ್ಲಿ ಟ್ರೈನರ್ ಲಿಸ್ಟ್ ಹಿಡ್ಕೊಂಡು ನಿಂತಿರ್ತಾರೆ, ಹೆಸರಿಲ್ಲದವರು ಶೂ ಲೇಸ್ ಕಟ್ಕೊಂಡು ರೆಡಿ ಆಗಿದ್ರೂ ಬ್ಲೀಚರ್ಸ್, ಅಂದ್ರೆ ಪ್ರೇಕ್ಷಕರ ಮೆಟ್ಟಿಲು ಬೆಂಚಿನ ಮೇಲೆ ಕೂತು ಬೇರೆಯವರು ಲೇ-ಅಪ್ ಹಾಕೋದನ್ನ ನೋಡಬೇಕು. ಟ್ರೈಔಟ್ ಇರೋದೇ ಎರಡು ಮೂರು ದಿನ. ಕೋಚ್‌ಗೆ ಇಷ್ಟ ಇದ್ರೂ ಬಿಡೋಹಾಗಿಲ್ಲ, ಫಿಸಿಕಲ್ ಇಲ್ಲದ ಹುಡುಗ ಬಾಲ್ ಮುಟ್ಟೋಹಾಗಿಲ್ಲ.

ತಾರೀಖು ಕೇಳೋದಾದ್ರೆ ಹುಡುಗರ ಪ್ರಾಕ್ಟೀಸ್ ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರದ ಆಸುಪಾಸು ಶುರು. ಆದ್ರೆ ಟೆಕ್ಸಸ್‌ನಲ್ಲಿ ಒಂದು ಒಳಗುಟ್ಟಿದೆ. ಇಲ್ಲಿ ಎಷ್ಟೋ ಸ್ಕೂಲ್‌ಗಳಲ್ಲಿ ಅಥ್ಲೆಟಿಕ್ಸ್ ಅನ್ನೋದು ಟೈಮ್‌ಟೇಬಲ್ಲಿನಲ್ಲೇ ಒಂದು ಪೀರಿಯಡ್. ಬ್ಯಾಸ್ಕೆಟ್‌ಬಾಲ್ ಹುಡುಗರೆಲ್ಲ ಆ ಪೀರಿಯಡ್‌ನಲ್ಲಿರ್ತಾರೆ, ಕೋಚ್ ಅವರನ್ನ ಆಗಸ್ಟಿಂದಲೇ ನೋಡ್ತಿರ್ತಾರೆ, ನವೆಂಬರ್ ಹೊತ್ತಿಗೆ ಅವರ ತಲೇಲಿ ಅರ್ಧ ಟೀಮ್ ಆಗಿಹೋಗಿರತ್ತೆ. ಮುಂದಿನ ವಾರ ಕೌನ್ಸೆಲರ್ ಭೇಟಿಯಲ್ಲಿ ಇದನ್ನ ಕೇಳಿ, ಆಮೇಲೆ ಟೈಮ್‌ಟೇಬಲ್ ಬದಲಾಯಿಸೋದು ರಾಮಾಯಣ. ಅವತ್ತೇ ಐದು ನಿಮಿಷ ಕೋಚ್‌ನ ನೋಡಿ ಹುಡುಗನ ಪರಿಚಯ ಮಾಡಿಸಿಬಿಡಿ, ಆದ್ರೆ ಅರ್ಹತೆ ವಿಷಯ ಕೋಚ್ ಹತ್ರ ಬೇಡ, ಅಥ್ಲೆಟಿಕ್ ಕೋಆರ್ಡಿನೇಟರ್ ಹತ್ರ, ಅದೂ ಇಮೇಲಲ್ಲಿ. ಬಾಯಲ್ಲಿ ಏನೂ ಆಗಲ್ಲ ಬಿಡಿ ಅಂದ ಕೋಚ್ ಮುಂದಿನ ವರ್ಷ ಬೇರೆ ಸ್ಕೂಲಲ್ಲಿರ್ತಾನೆ.

ವೀಸಾ ವಿಷಯಕ್ಕೆ ನೆಮ್ಮದಿಯಾಗಿರಿ. ಪಬ್ಲಿಕ್ ಸ್ಕೂಲ್ ಸೇರೋಕೆ ಸಿಟಿಜನ್ ಆಗಿರಬೇಕಿಲ್ಲ, 1982ರಲ್ಲಿ ಸುಪ್ರೀಂ ಕೋರ್ಟ್ ಪ್ಲೈಲರ್ ವರ್ಸಸ್ ಡೋ ಕೇಸಲ್ಲಿ ತೀರ್ಪು ಕೊಟ್ಟಿದೆ, ಆ ಕೇಸ್ ಹುಟ್ಟಿದ್ದೂ ಇದೇ ಟೆಕ್ಸಸ್‌ನಲ್ಲಿ, ಕಾಗದವೇ ಇಲ್ಲದ ಮಕ್ಕಳಿಗೂ ಸ್ಕೂಲ್ ಬಾಗಿಲು ಮುಚ್ಚೋಹಾಗಿಲ್ಲ ಅಂತ. ಅಪ್ಪ ಅಮ್ಮನ ಜೊತೆ ಎಚ್-4ನಲ್ಲಿ ಬಂದವನು ಉಳಿದ ಮಕ್ಕಳ ಥರಾನೇ. ತೊಡಕಿರೋದು ಒಂಟಿಯಾಗಿ ಬರೋ ಮಕ್ಕಳಿಗೆ. ಎಫ್-1, ಅಂದ್ರೆ ಸ್ಟೂಡೆಂಟ್ ವೀಸಾದಲ್ಲಿ ಬಂದ್ರೆ ಪಬ್ಲಿಕ್ ಹೈಸ್ಕೂಲಲ್ಲಿ 12 ತಿಂಗಳು ಮಾತ್ರ, ಅದೂ ಪೂರ್ತಿ ಖರ್ಚು ಕಟ್ಟಿ. ಚಿಕ್ಕಪ್ಪನ ಮನೇಲಿ ಬಿಟ್ಟು ಓದಿಸೋ ಪ್ಲಾನ್ ಇರೋರು ಯಾರಾದ್ರೂ ಇದನ್ನ ಓದ್ತಿದ್ರೆ, ನೋಟರಿ ಸೀಲ್ ಹಾಕಿದ ಒಂದು ಪತ್ರದಿಂದ ಚಿಕ್ಕಪ್ಪ ಗಾರ್ಡಿಯನ್ ಆಗಲ್ಲ, ಕೋರ್ಟ್ ನೇಮಿಸಿರಬೇಕು.

ಊರಲ್ಲಿ ಸ್ಕೂಲ್ ಟೀಮಲ್ಲಿ ಆಡಿದ್ದು ಮುಚ್ಚಿಡಬೇಡಿ. ಯಾವ ಸ್ಕೂಲು, ಯಾವ ವರ್ಷ, ಯಾವ ಲೆವೆಲ್ ಅಂತ ಕೋಆರ್ಡಿನೇಟರ್‌ಗೆ ನಾಲ್ಕು ಸಾಲು ಇಮೇಲ್ ಹಾಕಿ, ಯಾವ ಫಾರ್ಮ್ ಬೇಕು ಅಂತ ಅವರು ಹೇಳ್ತಾರೆ. ಇನ್ನೊಂದು, ನಮ್ಮ ಕಡೆ ಟೂರ್ನಮೆಂಟಲ್ಲಿ ಕಪ್ ಜೊತೆಗೆ ಕವರಲ್ಲಿ ಕ್ಯಾಶ್ ಪ್ರೈಜ್ ಕೊಡ್ತಾರಲ್ಲ, ಇಲ್ಲಿ ಹೈಸ್ಕೂಲ್ ಆಟಗಾರರು ಆಟಕ್ಕೆ ದುಡ್ಡು ತಗೊಳ್ಳೋ ಹಾಗಿಲ್ಲ, ಅಮೆಚೂರ್ ರೂಲ್. ಅವನಿಗೆ ಹಾಗೇನಾದ್ರೂ ಸಿಕ್ಕಿದ್ರೆ ಅದನ್ನೂ ಅದೇ ಇಮೇಲಲ್ಲಿ ಬರೀರಿ. ಮುಂದಿನ ಬೇಸಿಗೆ ರಜೆಗೆ ಊರಿಗೆ ಹೋದಾಗ ಹಳೇ ಫ್ರೆಂಡ್ಸ್ ಜೊತೆ ಟೂರ್ನಮೆಂಟ್ ಆಡಿದ್ರೂ ಕವರ್ ಮುಟ್ಟಬಾರದು ಅಂತ ಹೇಳಿ.

ಮಾರ್ಕ್ಸ್ ವಿಷಯ ನಮ್ಮವರಿಗೆ ಹೇಳೋದೇ ಬೇಡ ಅನ್ಕೊಂಡಿದ್ದೆ, ಆದ್ರೆ ಹೇಳ್ತೀನಿ. 1984ರ ಕಾನೂನಿಂದ ಬಂದದ್ದು, ನೋ ಪಾಸ್ ನೋ ಪ್ಲೇ ಅಂತ ಕರೀತಾರೆ. ಗ್ರೇಡಿಂಗ್ ಪೀರಿಯಡ್, ಅಂದ್ರೆ ಮಾರ್ಕ್ಸ್ ಹಾಕೋ ಅವಧಿ ಮುಗಿದಾಗ ಯಾವುದೇ ಒಂದು ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದ್ರೆ, ಏಳು ದಿನದ ನಂತರ ಮ್ಯಾಚ್ ಆಡೋಹಾಗಿಲ್ಲ, ಕನಿಷ್ಠ ಮೂರು ವಾರ. ಪ್ರಾಕ್ಟೀಸ್ ಮಾತ್ರ ಮಾಡಬಹುದು. ಸರಾಸರಿ ಅಲ್ಲ ಮೇಡಂ, ಒಂದೊಂದು ವಿಷಯಾನೂ. ಗಣಿತದಲ್ಲಿ 98 ತಗೊಂಡ ಹುಡುಗ ಇಂಗ್ಲಿಷಲ್ಲಿ 68 ತಗೊಂಡು ಬೆಂಚಲ್ಲಿ ಕೂತದ್ದು ನೋಡಿದೀನಿ, ಅದೂ ಬುದ್ಧಿ ಇಲ್ದೇ ಅಲ್ಲ, ಹೋಮ್‌ವರ್ಕ್ ಆನ್‌ಲೈನಲ್ಲಿ ಹಾಕಬೇಕು ಅಂತ ಗೊತ್ತಿರಲಿಲ್ಲ, ನೋಟ್‌ಬುಕ್ಕಲ್ಲಿ ನೀಟಾಗಿ ಬರೆದಿಟ್ಟಿದ್ದ. ಎಪಿ ಥರದ ಕೆಲವು ಅಡ್ವಾನ್ಸ್ಡ್ ವಿಷಯಗಳಿಗೆ ವಿನಾಯಿತಿ ಇದೆ.

ಬೇರೆ ರಾಜ್ಯದಲ್ಲಿರೋರು ಇದನ್ನ ಹಾಗೇ ಕಾಪಿ ಹೊಡೀಬೇಡಿ. ಕ್ಯಾಲಿಫೋರ್ನಿಯಾದಲ್ಲಿ ವಯಸ್ಸಿನ ಗಡಿ ಜೂನ್ 15, ಗ್ರೇಡ್ ಸರಾಸರಿ 2.0 ನೋಡ್ತಾರೆ, ಸೀಸನ್ ನಡೀತಿರುವಾಗ ಹೊರಗಿನ ಕ್ಲಬ್‌ಗೆ ಅದೇ ಆಟ ಆಡೋಹಾಗಿಲ್ಲ. ಇಲಿನಾಯ್‌ನಲ್ಲಿ ಫಿಸಿಕಲ್ 395 ದಿನ ನಡೆಯತ್ತೆ. ನ್ಯೂಜೆರ್ಸಿಯಲ್ಲಿ ಫಿಸಿಕಲ್ ಆಗಿ 90 ದಿನ ದಾಟಿದ್ರೆ ಹೆಲ್ತ್ ಅಪ್‌ಡೇಟ್ ಅಂತ ಇನ್ನೊಂದು ಫಾರ್ಮ್. ನಿಮ್ಮ ರಾಜ್ಯದ ಅಸೋಸಿಯೇಷನ್ ಹ್ಯಾಂಡ್‌ಬುಕ್ ತೆಗೆದು ಎಲಿಜಿಬಿಲಿಟಿ ಅಧ್ಯಾಯ ಒಂದು ಓದಿದ್ರೆ ಸಾಕು.

ಕೊನೆಗೆ ಡಿಸೆಂಬರ್ ಮನೆ ವಿಷಯ. ಅಡ್ರೆಸ್ ಪ್ರೂಫ್ ಅಂದ್ರೆ ಲೀಸ್ ಮತ್ತು ಕರೆಂಟ್ ಅಥವಾ ನೀರಿನ ಬಿಲ್, ನಿಮ್ಮಿಬ್ಬರಲ್ಲಿ ಒಬ್ಬರ ಹೆಸರಲ್ಲಿ. ವಾರ್ಸಿಟಿ ಆಡೋಕೆ ಅಪ್ಪ ಅಮ್ಮ ಆ ಸ್ಕೂಲಿನ ಅಟೆಂಡೆನ್ಸ್ ಜೋನ್, ಅಂದ್ರೆ ಆ ಸ್ಕೂಲಿಗೆ ಸೇರಿದ ಏರಿಯಾ ಒಳಗೇ ಇರಬೇಕು. ಹೊಸ ಮನೆ ಅದೇ ಜೋನ್ ಒಳಗಿದ್ರೆ ಅಡ್ರೆಸ್ ಅಪ್‌ಡೇಟ್ ಮಾಡಿ, ಅಷ್ಟೇ. ಬೇರೆ ಹೈಸ್ಕೂಲ್ ಜೋನ್ ಆದ್ರೆ ಸೀಸನ್ ಅರ್ಧದಲ್ಲಿ ಸ್ಕೂಲ್ ಬದಲು, ಹಿಂದೆ ಎಲ್ಲಿ ಆಡಿದ್ದ ಅಂತ ಹೇಳೋ ಪ್ರೀವಿಯಸ್ ಅಥ್ಲೆಟಿಕ್ ಪಾರ್ಟಿಸಿಪೇಷನ್ ಫಾರ್ಮ್ ತುಂಬಬೇಕು, ಹಳೇ ಸ್ಕೂಲಿನವರು ಸೈನ್ ಹಾಕಬೇಕು, ಆಟಕ್ಕೋಸ್ಕರ ಸ್ಕೂಲ್ ಬದಲಾಯಿಸಿದ್ದು ಅಂತ ಅರ್ಹತೆ ತೀರ್ಮಾನ ಮಾಡೋ ಕಮಿಟಿಗೆ ಅನಿಸಿದ್ರೆ ಕನಿಷ್ಠ ಒಂದು ವರ್ಷ ವಾರ್ಸಿಟಿ ಇಲ್ಲ. ನಿಮ್ಮದು ಹಾಗಲ್ಲ ಅಂತ ನನಗೆ ಗೊತ್ತು, ಕಮಿಟಿಗೆ ಕಾಗದ ತೋರಿಸಿ ಹೇಳಬೇಕಾಗತ್ತೆ, ಅಷ್ಟರಲ್ಲಿ ಜನವರಿ ಮುಗಿದಿರತ್ತೆ. ಡಿಸ್ಟ್ರಿಕ್ಟ್ ವೆಬ್‌ಸೈಟಲ್ಲಿ ಅಡ್ರೆಸ್ ಟೈಪ್ ಮಾಡಿದ್ರೆ ಯಾವ ಸ್ಕೂಲ್ ಅಂತ ತೋರಿಸತ್ತೆ, ಅಡ್ವಾನ್ಸ್ ಕೊಡೋಕೆ ಮುಂಚೆ ಹೊಸ ಮನೆ ಅಡ್ರೆಸ್ ಹಾಕಿ ನೋಡಿ. ಜೋನ್ ಬೇರೆ ಬಂತು ಅಂದ್ರೆ ಈಗಿರೋ ಅಪಾರ್ಟ್‌ಮೆಂಟಿನ ಲೀಸಿಂಗ್ ಆಫೀಸಲ್ಲಿ ಸೀಸನ್ ಮುಗಿಯೋ ಮಾರ್ಚ್ ತನಕ ತಿಂಗಳ ಲೆಕ್ಕದಲ್ಲಿ ಕೊಡ್ತೀರಾ ಅಂತ ಕೇಳಿ, ಬಾಡಿಗೆ ಸ್ವಲ್ಪ ಜಾಸ್ತಿ ಹೇಳ್ತಾರೆ.